ಕೋಡ್ ಬ್ಲೂಗೆ ಮುಂಚಿನ ಕರೆ: ರ‍್ಯಾಪಿಡ್ ರೆಸ್ಪಾನ್ಸ್ ನರ್ಸ್ ಆಗಿ ನನ್ನ ಅನುಭವ

ಕೋಡ್ ಬ್ಲೂ ಎಲ್ಲರಿಗೂ ಗೊತ್ತು, ಹೃದಯ ನಿಂತ ಮೇಲೆ ಓಡುವುದು. ನಮ್ಮ ತಂಡದ ಕೆಲಸ ಅದಕ್ಕಿಂತ ಎಷ್ಟೋ ಹೊತ್ತು ಮುಂಚಿನದು. ವಾರ್ಡಿನಲ್ಲಿ ಯಾರೋ ಹದಗೆಡುತ್ತಿದ್ದಾರೆ ಅಂತ ಕರೆ ಬಂದ ಕೂಡಲೇ ಐಸಿಯುನಿಂದ ನಾನು, ಒಬ್ಬ ಡಾಕ್ಟರ್, ಉಸಿರಾಟದ ಚಿಕಿತ್ಸೆ ನೋಡಿಕೊಳ್ಳುವ ಒಬ್ಬ ರೆಸ್ಪಿರೇಟರಿ ಥೆರಪಿಸ್ಟ್ ಹೊರಡುತ್ತೇವೆ. 1990ರ ಸುಮಾರಿಗೆ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಶುರುವಾದ ಪದ್ಧತಿ ಇದು.

ಯಾವಾಗ ಕರೆಯಬೇಕು ಅನ್ನುವುದಕ್ಕೆ ಪಟ್ಟಿ ಇರುತ್ತದೆ. ಮೇಲಿನ ಬಿಪಿ 90ಕ್ಕಿಂತ ಕೆಳಗೆ, ನಾಡಿ 40ಕ್ಕಿಂತ ಕಡಿಮೆ ಅಥವಾ 130ಕ್ಕಿಂತ ಜಾಸ್ತಿ, ಆಕ್ಸಿಜನ್ ಕೊಟ್ಟರೂ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 90 ದಾಟುತ್ತಿಲ್ಲ, ಇದ್ದಕ್ಕಿದ್ದಂತೆ ಮಾತು ತೊದಲುತ್ತಿದೆ, ಹೀಗೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಆದರೆ ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ನರ್ಸ್‌ಗೆ ಆತಂಕ ಅನ್ನಿಸಿದರೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅದೇ ಗಟ್ಟಿ ಸಾಲು.

ಹೋದ ತಕ್ಷಣ ನಾನು ಮಾನಿಟರ್ ನೋಡುವುದಿಲ್ಲ. ರೋಗಿಯ ಕೈ ಹಿಡಿಯುತ್ತೇನೆ, ಬೆಚ್ಚಗಿದೆಯಾ ತಣ್ಣಗಿದೆಯಾ ಅಂತ. ಆಮೇಲೆ ಉಸಿರು ಎಣಿಸುತ್ತೇನೆ, ಪೂರ್ತಿ ಒಂದು ನಿಮಿಷ. ಚಾರ್ಟಿನಲ್ಲಿ ಸುಮ್ನೆ 18, 20 ಅಂತ ಬರೆದುಬಿಡುವ ಅಭ್ಯಾಸ ಎಲ್ಲ ಕಡೆ ಇದೆ ಅಲ್ವಾ? ಹೊಟ್ಟೆಯ ಆಪರೇಷನ್ ಆದ ಒಬ್ಬರಿಗೆ ಹೀಗೇ ಕರೆ ಬಂದಿತ್ತು. ಬಿಪಿ ಸರಿಯಿತ್ತು, ಸ್ಯಾಚುರೇಷನ್ 96, "ಯಾಕೋ ಬೆಳಿಗ್ಗೆ ಇದ್ದ ಹಾಗಿಲ್ಲ ಸಿಸ್ಟರ್" ಅಂದರು ವಾರ್ಡಿನ ನರ್ಸ್. ಎಣಿಸಿದರೆ ಉಸಿರು 32. ರೋಗಿ ಎಷ್ಟು ಹದಗೆಟ್ಟಿದ್ದಾರೆ ಅಂತ ಅಂಕ ಕೊಟ್ಟು ಅಳೆಯುವ ಬ್ರಿಟನ್ನಿನ ನ್ಯೂಸ್ ಸ್ಕೋರ್‌ನಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ, ಅಷ್ಟು ತೂಕ ಅದಕ್ಕೆ. ಮೂತ್ರ ಸಂಗ್ರಹಿಸಲು ಹಾಕಿದ್ದ ಚೀಲ ನೋಡಿದರೆ ತಳದಲ್ಲಿ ಸ್ವಲ್ಪ ಕಂದು ಬಣ್ಣದ್ದು, ಅಷ್ಟೇ. ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗಗಳೇ ಹದಗೆಡುವ ಸ್ಥಿತಿ, ಇರಬಹುದು ಅಂತ ಅನುಮಾನ ಬಂತು. ಎರಡನೇ ಐವಿ ಲೈನ್ ಹಾಕಿ, ಸೋಂಕು ಹುಡುಕುವ ಬ್ಲಡ್ ಕಲ್ಚರ್‌ಗೆ, ಅದು ಎಷ್ಟು ತೀವ್ರ ಅಂತ ತೋರಿಸುವ ಲ್ಯಾಕ್ಟೇಟ್‌ಗೆ ರಕ್ತ ತೆಗೆದು, ಡಾಕ್ಟರ್ ಹೇಳಿದ ಆಂಟಿಬಯಾಟಿಕ್, ಫ್ಲೂಯಿಡ್ ಅಲ್ಲೇ ಶುರುಮಾಡಿದೆವು. ಬಿಪಿ ಬಿದ್ದದ್ದು ಆಮೇಲೆ, ಅಷ್ಟರಲ್ಲಿ ಅವರು ಐಸಿಯುನಲ್ಲಿದ್ದರು.

ಎಲ್ಲ ಕರೆಯೂ ಹೀಗಿರುವುದಿಲ್ಲ. ಕೆಲವೊಮ್ಮೆ ಶುಗರ್ ಕಡಿಮೆ ಆಗಿರುತ್ತದೆ, ಕೆಲವೊಮ್ಮೆ ನೋವಿನ ಔಷಧಿ ಜಾಸ್ತಿಯಾಗಿ ಮಂಪರು ಬಂದಿರುತ್ತದೆ, ಕೆಲವೊಮ್ಮೆ ಏನೂ ಇರುವುದಿಲ್ಲ. ಏನೂ ಇಲ್ಲದ ದಿನ ನಾವು ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದೇ ಮುಖ್ಯ. "ಇಷ್ಟಕ್ಕೆಲ್ಲ ಕರೀಬೇಕಿತ್ತಾ?" ಅಂತ ಒಬ್ಬರು ಮುಖ ಗಂಟುಹಾಕಿದರೆ ಸಾಕು, ಆ ವಾರ್ಡಿನವರು ಮುಂದಿನ ಸಲ ಫೋನ್ ಎತ್ತುವ ಮೊದಲು ಹತ್ತು ಸಲ ಯೋಚಿಸುತ್ತಾರೆ. ಇಂಥ ತಂಡಗಳಿಂದ ಉಪಯೋಗ ಇದೆಯಾ ಅಂತ ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆದ ಮೆರಿಟ್ ಅಧ್ಯಯನ 2005ರಲ್ಲಿ ಬಂದಾಗ ತಂಡ ಇದ್ದರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯ ಲಕ್ಷಣಗಳಿದ್ದ ಎಷ್ಟೋ ರೋಗಿಗಳಿಗೆ ಅಲ್ಲಿ ತಂಡವನ್ನು ಕರೆದೇ ಇರಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ವಾರ್ಡಿನ ನರ್ಸ್‌ನ್ನು. ಅವರು ಹೇಳಿ ಮುಗಿಸುವ ತನಕ ಡಾಕ್ಟರನ್ನೂ ಸ್ವಲ್ಪ ತಡೆಯುತ್ತೇನೆ. ರೋಗಿಯನ್ನು ವಾರ್ಡಿನಲ್ಲೇ ಬಿಡುವುದಾದರೆ ಏನೇನು ನೋಡುತ್ತಿರಬೇಕು, ಯಾವ ಅಂಕಿ ದಾಟಿದರೆ ಮತ್ತೆ ಕರೆಯಬೇಕು ಅಂತ ಚಾರ್ಟಿನಲ್ಲಿ ಬರೆದು, ಸ್ವಲ್ಪ ಹೊತ್ತು ಬಿಟ್ಟು ಕರೆಯದಿದ್ದರೂ ಒಮ್ಮೆ ಹೋಗಿ ಉಸಿರು ಎಣಿಸಿ ಬರುತ್ತೇನೆ.