ಹಳೇ ಕಂಪ್ಯೂಟರಿಗೆ ಹಾಕಿದ ದುಡ್ಡು, ಹಾಕದೆ ಉಳಿಸಿದ ದುಡ್ಡು

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಹೀಗೆ ಬಂದದ್ದೆಲ್ಲ ಮಾಡುತ್ತೇನೆ. 2013ರಲ್ಲಿ ಶಿವಮೊಗ್ಗದಲ್ಲಿ ಜೋಡಿಸಿಕೊಂಡ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು, ಮಂಡಗದ್ದೆಯ ತಿರುವುಗಳಲ್ಲಿ ಮಗುವಿನ ಹಾಗೆ ಅವಚಿ ಹಿಡಿದು ತಂದಿದ್ದೆ. ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಹದಿನೆಂಟೂವರೆ ಇಂಚಿನ ಮಾನಿಟರ್. ಆಗ ಅದೇ ದೊಡ್ಡದು.

ಆಮೇಲೆ ಹನ್ನೆರಡು ವರ್ಷ ಅದಕ್ಕೆ ಒಂದೊಂದಾಗಿ ಏನಾದರೂ ಸೇರಿಸುತ್ತಲೇ ಬಂದೆ. ಕೆಲವು ಬಂಗಾರದಂಥ ಖರ್ಚು. ಒಂದೆರಡು ಶುದ್ಧ ದಂಡ. ದಂಡದಿಂದಲೇ ಶುರು ಮಾಡುತ್ತೇನೆ.

2017ರಲ್ಲಿ ನಾನು ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರೆಲ್‌ಡ್ರಾ ತೆರೆಯಲು ತುಂಬ ಹೊತ್ತು ಹಿಡಿಯುತ್ತಿತ್ತು. ಫೋಟೊಶಾಪ್ ಕೂಡ ಜೊತೆಗೆ ತೆರೆದರೆ ಮೌಸೇ ನಿಂತುಬಿಡುತ್ತಿತ್ತು. ಒಂದು ಅಂಗಡಿಗೆ ಹೋಗಿ ಹೇಳಿದೆ. 'ಡಿಸೈನ್ ಕೆಲಸ ಅಲ್ವಾ ಅಣ್ಣ, ಗ್ರಾಫಿಕ್ಸ್ ಕಾರ್ಡ್ ಹಾಕ್ಲೇಬೇಕು' ಎಂದರು. ಹೆಸರಿನಲ್ಲೇ ಗ್ರಾಫಿಕ್ಸ್ ಇದೆಯಲ್ಲ, ಸರಿ ಅನ್ನಿಸಿತು. ಎಂಟು ಸಾವಿರ ಚಿಲ್ಲರೆ ಕೊಟ್ಟು 2 ಜಿಬಿಯ ಕಾರ್ಡ್ ಹಾಕಿಸಿದೆ. ಮನೆಗೆ ಬಂದು ನೋಡಿದರೆ ಕೋರೆಲ್ ತೆರೆಯಲು ಅಷ್ಟೇ ಹೊತ್ತು. ಒಂದು ಸೆಕೆಂಡೂ ಕಮ್ಮಿ ಇಲ್ಲ. ಮೇಲಿಂದ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದ, ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್‌ಗೆ ಹೊಸ ಭಾರ ತಡೆಯಲಾಗದೆ ಕಂಪ್ಯೂಟರ್ ತಾನಾಗಿ ಆಫ್ ಆಗಿ ಆನ್ ಆಗತೊಡಗಿತು. ಅದಕ್ಕೆ ಮತ್ತೆ ಎರಡು ಸಾವಿರದ ಇನ್ನೂರು. ಒಟ್ಟು ಹತ್ತು ಸಾವಿರ ಹೋಯಿತು, ವೇಗ ಬರಲಿಲ್ಲ. ಆ ಕಾರ್ಡ್ ಕೆಟ್ಟದ್ದೇನಲ್ಲ. ಗೇಮ್ ಆಡುವವರಿಗೆ, ತ್ರೀಡಿ ಮಾಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಬೇಕೇಬೇಕು. ಲಗ್ನಪತ್ರಿಕೆಗೆ ಗಣಪತಿ ಚಿತ್ರ ಕೂರಿಸುವ ನನಗೆ ಬೇಕಿರಲಿಲ್ಲ, ಅಷ್ಟೆ.

ಮರುವರ್ಷ ಸಿಡಿಲು ಇನ್ನೊಂದು ಪಾಠ ಹೇಳಿತು. ಮೇ ತಿಂಗಳು, ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆ ಎಷ್ಟೇ ಜಡಿಯಲಿ, ಅದರಲ್ಲಿ ಸಿಡಿಲು ಕಮ್ಮಿ. ಅದಕ್ಕೂ ಮೊದಲು ಸಂಜೆ ಹೊತ್ತು ಬರುವ ಗುಡುಗು ಮಳೆಯೇ ಅಪಾಯ. ಅವತ್ತು ಟೆಲಿಫೋನಿನ ತಾಮ್ರದ ತಂತಿಯಲ್ಲಿ ಬಂದ ಸಿಡಿಲು ಮೋಡೆಮ್ ಸುಟ್ಟು, ಅಲ್ಲಿಂದ ಕೇಬಲ್ ಹಿಡಿದು ಮದರ್‌ಬೋರ್ಡಿನ ನೆಟ್‌ವರ್ಕ್ ಪೋರ್ಟನ್ನೂ ಸುಟ್ಟಿತು. ಬೋರ್ಡೇ ಬದಲಿಸಬೇಕು ಎಂದು ಒಬ್ಬರು ಹೇಳಿದರು. ಪುಣ್ಯಕ್ಕೆ ಇನ್ನೊಬ್ಬ ಪರಿಚಯದ ಹುಡುಗ 350 ರೂಪಾಯಿಯ ನೆಟ್‌ವರ್ಕ್ ಕಾರ್ಡ್ ಹಾಕಿ ಕೊಟ್ಟ. ಏಳು ವರ್ಷ ಅದೇ ನಡೆಯಿತು.

ಅದೇ ವಾರ ಎಲೆಕ್ಟ್ರಿಷಿಯನ್ ಕರೆಸಿದೆ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುವುದು ಮೊದಲಿಂದಲೂ ಇತ್ತು. ಕಂಪ್ಯೂಟರ್ ಅಂದರೆ ಹಾಗೇ ಅಂದುಕೊಂಡಿದ್ದೆ! ಮೀಟರ್ ಹಿಡಿದು ನೋಡಿದರೆ ನ್ಯೂಟ್ರಲ್‌ಗೂ ಅರ್ಥಿಂಗಿಗೂ ನಡುವೆ 38 ವೋಲ್ಟ್. ಅದು ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಅಂದರೆ ಗೋಡೆಯ ಮೂರನೇ ತೂತಿಗೆ ಅರ್ಥಿಂಗೇ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಹೊಸದಾಗಿ ಮಾಡಿಸಿದೆವು. ಕೂಲಿ, ಸಾಮಾನು ಸೇರಿ ನಾಲ್ಕು ಸಾವಿರದ ಹತ್ತಿರ. ಜೊತೆಗೆ 600 ವಿಎ ಯುಪಿಎಸ್. ಅದರೊಳಗಿನ 12 ವೋಲ್ಟ್ 7 ಆ್ಯಂಪಿಯರ್ ಅವರ್ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಸಾಯುತ್ತದೆ. ಆಗ ಯುಪಿಎಸ್ ಬಿಸಾಡಬೇಡಿ, ಬ್ಯಾಟರಿ ಮಾತ್ರ ಸಿಗುತ್ತದೆ, ಸಾವಿರದ ಆಸುಪಾಸು. ಈ ಖರ್ಚುಗಳಿಂದ ಕಂಪ್ಯೂಟರ್ ಒಂದು ಚೂರೂ ಜೋರಾಗಲಿಲ್ಲ. ಆದರೆ ಮಲೆನಾಡಿನಲ್ಲಿ ಯಾರಾದರೂ ಹೊಸ ಸಿಸ್ಟಂ ತಂದರೆ ನಾನು ಮೊದಲು ಕೇಳುವುದು ಅರ್ಥಿಂಗ್ ನೋಡಿಸಿದಿರಾ ಎಂದೇ. ಇಷ್ಟಾದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದನ್ನು ಬಿಟ್ಟಿಲ್ಲ. ಹತ್ತಿರದಲ್ಲೇ ಬಡಿದ ಸಿಡಿಲನ್ನು ಯಾವ ಯುಪಿಎಸ್ಸೂ ತಡೆಯುವುದಿಲ್ಲ. ಈಗ ಫೈಬರ್ ಬಂದ ಮೇಲೆ ಒಂದು ದಾರಿ ಮುಚ್ಚಿತು, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲವಲ್ಲ. ಆದರೆ ಕೆಲವು ಫೈಬರ್ ಕೇಬಲಿಗೆ ಆಸರೆಗೆಂದು ಸ್ಟೀಲ್ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ.

ಇನ್ನು ನಿಧಾನದ ವಿಷಯ. ಗ್ರಾಫಿಕ್ಸ್ ಕಾರ್ಡಿನಲ್ಲಿ ಕೈ ಸುಟ್ಟುಕೊಂಡಿದ್ದರಿಂದ ಈ ಸಲ ಯಾರನ್ನೂ ಕೇಳಲಿಲ್ಲ. 2019ರಲ್ಲಿ ಒಂದು ವಾರ, ಸಾಲದ ಲೆಕ್ಕ ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ, ನಾನು ಸುಮ್ನೆ ಕೂತು ಕಾಯುವ ಹೊತ್ತನ್ನೆಲ್ಲ ಬರೆದೆ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು. ಗಿರಾಕಿಗಳು ನಕ್ಕರು. 'ಎಂತದು ಮಾರಾಯ್ರೆ, ಓಟದ ಸ್ಪರ್ಧೆಯಾ?'

ಆರು ದಿನಕ್ಕೆ ಒಟ್ಟು ಮೂರು ಗಂಟೆ ನಲವತ್ತು ನಿಮಿಷ. ಬಿಡಿಸಿ ನೋಡಿದಾಗ ಆಶ್ಚರ್ಯವಾಯಿತು. ಅದರಲ್ಲಿ ಒಂದೂವರೆ ಗಂಟೆ ನೆಟ್ ಮತ್ತು ಅರ್ಜಿ ಹಾಕುವ ಜಾಲತಾಣಗಳಿಗೆ ಕಾದದ್ದು. ಲಕ್ಷ ರೂಪಾಯಿ ಕಂಪ್ಯೂಟರ್ ತಂದರೂ ಅದು ಒಂದು ನಿಮಿಷವೂ ಕಡಿಮೆ ಆಗುತ್ತಿರಲಿಲ್ಲ. ಪ್ರಿಂಟರ್ ಹತ್ತು ನಿಮಿಷ. ಕಂಪ್ಯೂಟರ್ ಆನ್ ಆಗಲು, ಸಾಫ್ಟ್‌ವೇರ್ ತೆರೆಯಲು ಒಂದು ಗಂಟೆ ಇಪ್ಪತ್ತೈದು ನಿಮಿಷ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಿಕ್ಕಿಹಾಕಿಕೊಂಡದ್ದು ಮೂವತ್ತೈದು. ಅಂದರೆ ನಾನು ದುಡ್ಡು ಕೊಟ್ಟು ಕೊಳ್ಳಬಹುದಾದದ್ದು ವಾರಕ್ಕೆ ಎರಡು ಗಂಟೆ ಮಾತ್ರ.

ಆ ಎರಡು ಗಂಟೆ ಯಾರಿಂದ ಹೋಗುತ್ತಿದೆ ಅನ್ನುವುದಕ್ಕೆ ಟಾಸ್ಕ್ ಮ್ಯಾನೇಜರ್ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಮಿಷನ್ ತಡಬಡಾಯಿಸುವಾಗಲೇ ನೋಡಬೇಕು. ಸುಮ್ಮನಿರುವಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನನ್ನದರಲ್ಲಿ ಪ್ರೊಸೆಸರ್ ಶೇಕಡಾ 20 ದಾಟುತ್ತಿರಲಿಲ್ಲ. ಮೆಮೊರಿ 90ರ ಮೇಲೆ. ಡಿಸ್ಕ್ ನೂರಕ್ಕೆ ನೂರು, ಅದೂ ನಿಮಿಷಗಟ್ಟಲೆ.

ಅಡಿಕೆ ಸುಲಿಯುವ ಮನೆಯಲ್ಲಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಾರೆ. ಆದರೆ ಅಂಗಳದ ರಾಶಿಯಿಂದ ಅಡಿಕೆ ಹೊತ್ತು ತಂದು ಸುರಿಯುವವನು ಒಬ್ಬನೇ, ಅವನಿಗೂ ಮಂಡಿ ನೋವು. ಸುಲಿಯುವವರು ಮಾತಾಡುತ್ತಾ ಕೂರುತ್ತಾರೆ. ಅಲ್ಲಿ ಇನ್ನಿಬ್ಬರು ಸುಲಿಯುವವರನ್ನು ಕರೆದರೆ ಏನು ಬಂತು? ಸುಲಿಯುವವರು ಪ್ರೊಸೆಸರ್, ಹೊರುವವನು ಹಾರ್ಡ್ ಡಿಸ್ಕ್, ಅವರ ಎದುರು ಅಡಿಕೆ ಸುರಿಯುವ ಜಾಗ ರ‍್ಯಾಮ್. ಆ ಜಾಗ ಚಿಕ್ಕದಾದರೆ ಹೊರುವವನು ಮತ್ತೆ ಮತ್ತೆ ಓಡಾಡಬೇಕು. ವಿಂಡೋಸ್ ಕೂಡ ಹಾಗೆಯೇ, ರ‍್ಯಾಮ್ ತುಂಬಿದಾಗ ಉಳಿದದ್ದನ್ನು ಡಿಸ್ಕಿಗೆ ಸಾಗಿಸುತ್ತದೆ. ಮೊದಲೇ ಮಂಡಿನೋವಿನ ಡಿಸ್ಕಿಗೆ ಅದು ಡಬಲ್ ಕೆಲಸ.

ಹಾಗಾಗಿ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನ ಕೆಲಸವನ್ನೇ, ತಿರುಗುವ ತಟ್ಟೆ ಇಲ್ಲದೆ ಚಿಪ್ಪುಗಳಲ್ಲಿ ಮಾಡುವ ಡಿಸ್ಕ್ ಅದು. 240 ಜಿಬಿಯದ್ದು, ಆಗ 2,500 ರೂಪಾಯಿ. ತಿಳಿದವರೊಬ್ಬರು ತಡೆದರು. ನನ್ನ ಮದರ್‌ಬೋರ್ಡ್ ಎಚ್61 ಅನ್ನುವ ಮಾದರಿ. ಅದರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಹಳೇ ಕಾಲದ್ದು, ಸೆಕೆಂಡಿಗೆ 3 ಗಿಗಾಬಿಟ್. ಸೆಕೆಂಡಿಗೆ 500 ಎಂಬಿ ಓಡುವ ಎಸ್‌ಎಸ್‌ಡಿ ಅಲ್ಲಿ 270ರ ಹತ್ತಿರ ನಿಂತುಬಿಡುತ್ತದೆ, ಅರ್ಧ ದುಡ್ಡು ನೀರಿಗೆ ಎಂದರು. ಅವರು ಹೇಳಿದ ಲೆಕ್ಕ ಸರಿಯೇ. ಆದರೆ ನನ್ನ ಕೆಲಸಕ್ಕೆ ಆ ಲೆಕ್ಕ ಮುಖ್ಯ ಅಲ್ಲ. ವಿಂಡೋಸ್ ಆನ್ ಆಗುವಾಗ ಒಂದು ದೊಡ್ಡ ಫೈಲ್ ಓದುವುದಿಲ್ಲ, ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಎಲ್ಲೆಲ್ಲಿಂದಲೋ ಹೆಕ್ಕುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ 4 ಮಿಲಿಸೆಕೆಂಡ್ ಬೇಕು. ಮುಳ್ಳು ಸರಿದು ಜಾಗಕ್ಕೆ ಬರುವುದೂ ಸೇರಿದರೆ ಒಂದೊಂದು ಫೈಲಿಗೆ 12 ಮಿಲಿಸೆಕೆಂಡ್ ಆಸುಪಾಸು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಇಲ್ಲ. ಅದಕ್ಕೆ 0.1 ಮಿಲಿಸೆಕೆಂಡ್ ಸಾಕು. ಪೋರ್ಟ್ ಹಳತಾದರೂ ಈ ಲಾಭ ಎಲ್ಲೂ ಹೋಗುವುದಿಲ್ಲ.

ವಿಂಡೋಸನ್ನು ಹೊಸದಾಗಿ ಹಾಕಿದೆ. ಹಳೇ ಡಿಸ್ಕನ್ನು ಫೈಲ್ ಇಡಲು ಉಳಿಸಿಕೊಂಡೆ. ಆನ್ ಮಾಡಿ ಟೀ ಕುಡಿದು ಬರುವಷ್ಟು, ಅಂದರೆ ನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಮೂವತ್ತೈದು ಸೆಕೆಂಡಿಗೆ ಬಂತು. ಬೆಳಗಿನ ಟೀ ತಪ್ಪಿತು ಅನ್ನುವುದೊಂದೇ ನಷ್ಟ.

ರ‍್ಯಾಮ್ ಮಾರನೇ ವರ್ಷ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲೇ ಎರಡು ಸ್ಲಾಟಿನಲ್ಲಿ ಒಂದು ಖಾಲಿ ಎಂದು ತೋರಿಸುತ್ತದೆ, ಕ್ಯಾಬಿನೆಟ್ ಬಿಚ್ಚಬೇಕಾಗಿಲ್ಲ. ಸೆಕೆಂಡ್ ಹ್ಯಾಂಡ್ 4 ಜಿಬಿ ತುಂಡೊಂದನ್ನು 1,100ಕ್ಕೆ ತಂದು ಒಟ್ಟು 8 ಮಾಡಿದೆ. ಇಂಥ ಹಳೇ ಬೋರ್ಡಿಗೆ ಕೊಳ್ಳುವಾಗ ಡಿಡಿಆರ್3 ಎಂಬ ಬಗೆಯದ್ದೇ ಎಂದು ನೋಡಿಕೊಳ್ಳಿ. ನಮ್ಮ ಭಾವ ಅಗ್ಗಕ್ಕೆ ಸಿಕ್ಕಿತೆಂದು ಡಿಡಿಆರ್4 ತಂದು, ಕೂರದೆ, ಇನ್ನೂ ಗಟ್ಟಿಯಾಗಿ ಒತ್ತಲು ಹೊರಟಿದ್ದರು. ಎರಡರ ಕಚ್ಚೇ ಬೇರೆ ಬೇರೆ ಜಾಗದಲ್ಲಿರುತ್ತದೆ. 8ರ ಮೇಲೆ 16 ಮಾಡಲಿಲ್ಲ. ಮೆಮೊರಿ 65ರ ಮೇಲೆ ಏರುವುದೇ ನಿಂತಿತ್ತಲ್ಲ.

ಪುಕ್ಕಟೆ ಆದದ್ದನ್ನೂ ಹೇಳಬೇಕು. ಜುಲೈ ತಿಂಗಳ ಥಂಡಿಗೆ ರ‍್ಯಾಮಿನ ಹಲ್ಲುಗಳಿಗೆ ಮಸಿ ಹಿಡಿದು ಬೀಪ್ ಬೀಪ್ ಎಂದು ಕೂಗುವುದು, ಪರದೆ ಕಪ್ಪಗೇ ಉಳಿಯುವುದು ಇಲ್ಲಿ ಮಾಮೂಲು. ಬೋರ್ಡ್ ಹೋಯಿತು ಅಂದುಕೊಳ್ಳುವ ಮೊದಲು ಕರೆಂಟ್ ತೆಗೆದು, ರ‍್ಯಾಮ್ ಹೊರಗೆಳೆದು, ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಕೊಡವಿ ಹಾಕಿ. ನನ್ನಲ್ಲಿಗೆ 'ಸತ್ತುಹೋಯ್ತು' ಎಂದು ತಂದ ಎಷ್ಟೋ ಕಂಪ್ಯೂಟರುಗಳು ಐದು ರೂಪಾಯಿ ರಬ್ಬರಿಗೆ ಎದ್ದು ಕೂತಿವೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದೆಸಿ ಇಡಬೇಡಿ, ಒಳಗೇ ಬೆವರುತ್ತದೆ. ದಿನಾ ಒಂದು ಗಂಟೆ ಆನ್ ಇಟ್ಟರೆ ಅದರ ಬಿಸಿಗೆ ಅದೇ ಒಣಗುತ್ತದೆ.

ಪ್ರೊಸೆಸರ್ ಬದಲಿಸುವ ಆಸೆಯೂ ಒಮ್ಮೆ ಬಂದಿತ್ತು. ಅದೇ ಬೋರ್ಡಿಗೆ ಕೂರುವ ಹಳೇ ಐ7 ನಾಲ್ಕು ಸಾವಿರಕ್ಕೆ ಸಿಗುತ್ತಿತ್ತು. ಲೆಕ್ಕದ ಪುಸ್ತಕ ತೆಗೆದು, ಪ್ರೊಸೆಸರ್ ದಾಟದ ಆ ಶೇಕಡಾ 20 ಎಂಬ ಅಂಕಿ ನೋಡಿ ಸುಮ್ಮನಾದೆ. ಪಕ್ಕದ ಸ್ಟುಡಿಯೊ ಹುಡುಗನ ಕಥೆ ಬೇರೆ. ಅವನದು ಮದುವೆ ವಿಡಿಯೊ. ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡಿಸಲು ರೆಂಡರ್ ಹಾಕಿದರೆ ಪ್ರೊಸೆಸರ್ ನೂರಕ್ಕೆ ಏರಿ ರಾತ್ರಿಯಿಡೀ ಅಲ್ಲೇ ನಿಲ್ಲುತ್ತದೆ. ಅವನು ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸುರಿದ ದುಡ್ಡು ಒಂದು ಸೀಸನ್ನಿನಲ್ಲೇ ವಾಪಸ್ ಬಂತು. ನನ್ನ ಎಸ್‌ಎಸ್‌ಡಿ ಕಥೆ ಕೇಳಿ ಅವನು ಅದನ್ನೊಂದೇ ಹಾಕಿಸಿದ್ದರೆ ರೆಂಡರ್ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಸ್ಟಾಪ್‌ವಾಚಿಗೆ ಸಿಗದ ಖರ್ಚು ಒಂದಿದೆ, ಮಾನಿಟರ್. 2021ರಲ್ಲಿ 22 ಇಂಚಿನ ಫುಲ್ ಎಚ್‌ಡಿ ತಂದೆ. ಎಡಗಡೆ ಗಿರಾಕಿ ಕೊಟ್ಟ ಸ್ಕ್ಯಾನ್, ಬಲಗಡೆ ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್. ಹಿಂದೆ ಮುಂದೆ ಹಾರಿಸುವುದು ತಪ್ಪಿತು. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ಲಗ್ನಪತ್ರಿಕೆಯಲ್ಲಿ ತಪ್ಪು ಉಳಿದು ಮರುಮುದ್ರಣ ಮಾಡಿಕೊಡುವುದು ವರ್ಷಕ್ಕೆ ಎರಡು ಮೂರು ಸಲ ಇದ್ದೇ ಇರುತ್ತಿತ್ತು, ಅದು ನಿಂತಿತು. ಇದನ್ನು ಮೊದಲೇ ತರಬೇಕಿತ್ತು. ಗ್ರಾಫಿಕ್ಸ್ ಕಾರ್ಡಿನ ದುಡ್ಡಿನಲ್ಲಿ ಇದು ಬಂದು ಇನ್ನೂ ಉಳಿಯುತ್ತಿತ್ತು.

ಕೊನೆಗೂ ಆ ಮಿಷನ್ನಿನ ಸರದಿ ಮುಗಿಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ಮನೆ ಬಳಕೆಯವರಿಗೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ದಾರಿ ಆಗ ಇತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನನ್ನದು ಮೂರನೆಯದು. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎಂದವರು ಇದ್ದರು. ಆದರೆ ಜನ ನನ್ನ ಎದುರು ಕೂತು ಆಧಾರ್ ನಂಬರ್, ಬ್ಯಾಂಕ್ ಪಾಸ್‌ಬುಕ್ ಕೊಡುತ್ತಾರೆ. ಅಂಥ ಕೆಲಸಕ್ಕೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ.

ಕಚೇರಿಗಳಲ್ಲಿ ಬಳಸಿ ರಿಪೇರಿ ಮಾಡಿ ಮಾರುವ ಎಂಟನೇ ತಲೆಮಾರಿನ ಐ5 ಒಂದನ್ನು 15,500ಕ್ಕೆ ತಂದೆ. ಅದರ ಬೆಲೆ ಇಷ್ಟಕ್ಕೇ ನಿಂತದ್ದು ಹಿಂದಿನ ಖರ್ಚುಗಳಿಂದ. ಮಾನಿಟರ್, ಯುಪಿಎಸ್, ಕೀಬೋರ್ಡ್, ಎಸ್‌ಎಸ್‌ಡಿ ಎಲ್ಲ ಹಾಗೇ ಹೊಸದಕ್ಕೆ ಬಂದವು. ಡಿಡಿಆರ್3 ರ‍್ಯಾಮ್ ಬರಲಿಲ್ಲ. ಐ7 ಕೊಂಡಿದ್ದರೆ ಅದೂ ಬರುತ್ತಿರಲಿಲ್ಲ. ಹಾಗಾಗಿ ಈಗ ಏನೇ ಕೊಳ್ಳುವಾಗಲೂ ಇದು ಮುಂದಿನ ಮಿಷನ್ನಿಗೆ ದಾಟುತ್ತದಾ ಎಂದು ನೋಡುತ್ತೇನೆ. ದಾಟುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟು ಒಳ್ಳೆಯದನ್ನೇ ತರುತ್ತೇನೆ. ದಾಟದಿದ್ದರೆ ಸೆಕೆಂಡ್ ಹ್ಯಾಂಡ್ ಸಾಕು. ಹಳೆಯದು ನೆಟ್ ಇಲ್ಲದೆ ಮೂಲೆಯಲ್ಲಿದೆ, ಹಳೇ ಹಾರ್ಡ್ ಡಿಸ್ಕಿನಲ್ಲೇ ತೆವಳುತ್ತದೆ. ಹಳೇ ನುಡಿ ಫಾಂಟಿನ ಫೈಲುಗಳನ್ನು ತೆರೆಯಲು ಅಷ್ಟು ಸಾಕು.

ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಮಾರಾಟಕ್ಕಿಟ್ಟೆ. ಕಾಲೇಜು ಹುಡುಗನೊಬ್ಬ ಬಂದು ಸಾವಿರದ ಇನ್ನೂರಕ್ಕೆ ಕೇಳಿದ. 'ಅಣ್ಣ, ಇದು ಹಾಕಿದ್ರೆ ನನ್ ಸಿಸ್ಟಂ ಸ್ಪೀಡ್ ಆಗ್ತದಾ?'

'ಎಂತ ಮಾಡ್ತೀಯ ಅದರಲ್ಲಿ?'

'ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡೋದು.'

ಕಾರ್ಡನ್ನು ಡಬ್ಬಿಗೆ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆಯುವುದು ಹೇಗೆಂದು ಚೀಟಿಯಲ್ಲಿ ಬರೆದು ಕೊಟ್ಟು ಕಳಿಸಿದೆ. ಕಾರ್ಡ್ ಇನ್ನೂ ನನ್ನ ಹತ್ತಿರವೇ ಇದೆ.