ಕೆಪ್ಪ ಜೋಗಕ್ಕೆ ಎರಡು ಸಲ ಇಳಿದೆ

ಉಂಚಳ್ಳಿ ಜಲಪಾತವನ್ನು ಮೊದಲ ಸಲ ನಾನು ನೋಡಲೇ ಇಲ್ಲ, ಬರೀ ಕೇಳಿದೆ. ಆಗಸ್ಟ್ ತಿಂಗಳ ಜಡಿಮಳೆ. ಉತ್ತರ ಕನ್ನಡದ ಸಿದ್ದಾಪುರದಿಂದ ಹೆಗ್ಗರಣೆ ದಾಟಿ ಹೋಗಿ, ಕಾಡಿನ ಮೆಟ್ಟಿಲಿಳಿದು ವೀಕ್ಷಣಾ ಕಟ್ಟೆ ತಲುಪಿದರೆ ಎದುರಿಗೆ ಬರೀ ಮಂಜು. ಪಕ್ಕದಲ್ಲೇ ನಿಂತ ತಮ್ಮನಿಗೆ ಒಂದು ಮಾತು ಹೇಳಲು ಕಿವಿಗೆ ಬಾಯಿ ಹಚ್ಚಬೇಕಾಯಿತು. ಇದನ್ನು ಕೆಪ್ಪ ಜೋಗ ಅಂತ ಯಾಕೆ ಕರೆಯುತ್ತಾರೆಂದು ಅಂದು ತಿಳಿಯಿತು. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ನನ ಹೆಸರೂ ಇದಕ್ಕುಂಟು. ನನಗೆ ಕೆಪ್ಪ ಜೋಗವೇ ಸರಿ. ಇಪ್ಪತ್ತು ನಿಮಿಷ ಕಾದು ವಾಪಸ್ ಹೊರಟೆವು. ಅದೇ ನಾವು ಮಾಡಿದ ತಪ್ಪು.

ಎರಡನೇ ಸಲ ಅಕ್ಟೋಬರ್ ಮೊದಲ ವಾರ ಹೋದೆ. ಮಳೆ ಕಡಿಮೆಯಾಗಿರುತ್ತದೆ, ಜಲಪಾತವಾಗಿ ಬೀಳುವ ಅಘನಾಶಿನಿ ಹೊಳೆಯಲ್ಲಿ ನೀರು ಇನ್ನೂ ಇರುತ್ತದೆ. ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ಜೋಗದಲ್ಲಿ ನೀರು ಎಷ್ಟು ಕಡಿಮೆಯಾಯಿತೆಂದು ಎಲ್ಲರಿಗೂ ಗೊತ್ತು. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಘಟ್ಟದಲ್ಲಿ ಬಿದ್ದ ಮಳೆಯೇ ಹರಿದು ಬಂದು 116 ಮೀಟರ್ ಕೆಳಕ್ಕೆ ಧುಮುಕುತ್ತದೆ. ಈ ಹೊಳೆ ಹೀಗೇ ಉಳಿಯಬೇಕು.

ಉಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ, ಕಾಟಕ್ಕೆ ಈ ಸಲ ಸಿದ್ಧನಾಗಿದ್ದೆ. ಪ್ಯಾಂಟಿನ ತುದಿಯನ್ನು ಉದ್ದನೆಯ ಸಾಕ್ಸ್‌ ಒಳಗೆ ತುರುಕಿದೆ. ಸುಣ್ಣ, ಹೊಗೆಸೊಪ್ಪು ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒದ್ದೆ ಮಾಡಿ ಕೈಯಲ್ಲಿಟ್ಟುಕೊಂಡೆ. ಹತ್ತಿದ ಉಂಬಳಕ್ಕೆ ಅದನ್ನು ಮುಟ್ಟಿಸಿದರೆ ಉದುರುತ್ತದೆ. ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಇರುವುದರಿಂದ ಗಾಯ ಸುಮಾರು ಹೊತ್ತು ಸೋರುತ್ತದೆ. ಹೆದರಬೇಕಿಲ್ಲ.

ಮೆಟ್ಟಿಲ ಮೇಲೆ ಪಾಚಿ, ಅದರ ಮೇಲೆ ಒದ್ದೆ ತರಗೆಲೆ. ಪಾದ ಅಡ್ಡವಿಟ್ಟು, ದೊಣ್ಣೆ ಊರಿ ಇಳಿದೆ. ಮೊದಲು ಜೀರುಂಡೆಗಳ ಸದ್ದೊಂದೇ. ಇಳಿಯುತ್ತ ಹೋದಂತೆ ಅದರಡಿಯಿಂದ ಗುಡುಗಿನಂಥದ್ದೊಂದು ಎದ್ದು, ಜೀರುಂಡೆಗಳನ್ನೇ ನುಂಗಿಬಿಟ್ಟಿತು. ಕಟ್ಟೆಯಲ್ಲಿ ಮತ್ತೆ ಮಂಜು! ಈ ಸಲ ಅವಲಕ್ಕಿ ಬಿಚ್ಚಿಕೊಂಡು ಕೂತೆ. ಒಂದೂವರೆ ಗಂಟೆಯ ಮೇಲೆ ಗಾಳಿ ತಿರುಗಿತು. ಮೊದಲು ಹಸಿರು ಗುಡ್ಡದ ಅಂಚು, ಆಮೇಲೆ ಕಪ್ಪು ಬಂಡೆ, ಅದರ ಮೇಲೆ ಹರವಿಕೊಂಡು ಬೀಳುವ ನೀರು, ಪೂರ್ತಿ. ಹತ್ತು ನಿಮಿಷವೂ ಇರಲಿಲ್ಲ, ಮತ್ತೆ ಮುಚ್ಚಿತು. ಕಣ್ಣಲ್ಲಿ ನೀರು ಬಂದಿತ್ತು.

ಕಟ್ಟೆಯಿಂದ ಹೊಳೆಗೆ ನಾನು ಇಳಿಯಲಿಲ್ಲ, ನೀವೂ ಇಳಿಯಬೇಡಿ. ಕಡಿದಾದ ಜಾರುನೆಲ, ಕೂಗಿದರೂ ಯಾರಿಗೂ ಕೇಳದು. ಹತ್ತುವುದಕ್ಕೆ ಇಳಿದದ್ದರ ಎರಡರಷ್ಟು ಹೊತ್ತು ಹಿಡಿಯಿತು. ನಾಲ್ಕು ಗಂಟೆಯೊಳಗೆ ಮೇಲೆ ಹೊರಟುಬಿಡಿ, ಆ ಕಾಡಿನಲ್ಲಿ ಬೇಗ ಕತ್ತಲಾಗುತ್ತದೆ.