ಚಾನೆಲ್ ಬಂದುಹೋಗುವ ರಿಸೀವರ್: ಬೋರ್ಡ್ ಬದಲಿಸುವ ಮುನ್ನ ರಿಲೇ ಮೇಲೆ ಮೀಟರ್ ಇಡಿ (ನನ್ನ ಅನುಭವ)

ನನ್ನ ಹೋಮ್ ಥಿಯೇಟರ್ ರಿಸೀವರಿನಲ್ಲಿ (ಹಲವು ಸ್ಪೀಕರ್‌ಗಳಿಗೆ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಸೆಂಟರ್ ಚಾನೆಲ್, ಅಂದರೆ ಸಿನಿಮಾದ ಮಾತು ಬರುವ ನಡುವಿನ ಸ್ಪೀಕರ್, ಮಾತಿನ ನಡುವೆಯೇ ಸತ್ತುಹೋಗುತ್ತದೆ. ವಾಲ್ಯೂಮ್ ಒಮ್ಮೆ ಜೋರಾಗಿ ಏರಿಸಿದರೆ ‘ಟಪ್’ ಅಂತ ಜೀವ ಬರುತ್ತದೆ, ಆಮೇಲೆ ಎರಡು ದಿನ ಏನೂ ಆಗದಂತೆ ಇರುತ್ತದೆ. ಇದು ಸ್ಪೀಕರ್ ರಿಲೇ ದೋಷ ಅಂದೆ. ಆಂಪ್‌ನಿಂದ ಸ್ಪೀಕರ್‌ಗೆ ಹೋಗುವ ದಾರಿಯ ಸ್ವಿಚ್ ಅದು: ಕಾಯಿಲ್‌ಗೆ ವೋಲ್ಟೇಜ್ ಕೊಟ್ಟರೆ ಒಳಗಿನ ಲೋಹದ ಕಾಂಟ್ಯಾಕ್ಟ್‌ಗಳು ಕೂಡುತ್ತವೆ. ಕೇಳಿದವರೆಲ್ಲ ಡಿಎಸ್‌ಪಿ ಬೋರ್ಡ್ (ಸದ್ದನ್ನು ಡಿಜಿಟಲ್ ಆಗಿ ಸಂಸ್ಕರಿಸುವ ಬೋರ್ಡ್) ಅಂದರು. ಅವರ ಕೈಯಲ್ಲಿ ಪುರಾವೆಯೂ ಇತ್ತು: ರಿಲೇ ಕಾಯಿಲ್‌ಗೆ ಹೊರಗಿನಿಂದ 24 ವೋಲ್ಟ್ ಕೊಟ್ಟು ಕಾಂಟ್ಯಾಕ್ಟ್ ಅಳೆದರೆ ಮೀಟರ್ 0.2 ಓಮ್ ತೋರಿಸುತ್ತಿತ್ತು, ಅದರಲ್ಲೂ ಅರ್ಧದಷ್ಟು ಮೀಟರ್‌ನ ಪ್ರೋಬ್ ವೈರ್‌ನದ್ದೇ, ಅಂದರೆ ಕಾಂಟ್ಯಾಕ್ಟ್ ಸರಿಯಿದೆ ಅಂತ. ರಿಲೇ ಬದಲಿಸಿ ಈಗ ಹೆಚ್ಚುಕಡಿಮೆ 14 ತಿಂಗಳು, ಒಂದು ಸಲವೂ ಚಾನೆಲ್ ಹೋಗಿಲ್ಲ. ಬೋರ್ಡಿಗೆ ಕೇಳಿದ ದುಡ್ಡಿನಲ್ಲಿ ಅಂಥ ನಲವತ್ತು ರಿಲೇ ಬರುತ್ತಿದ್ದವು.

ಮೊದಲ ಜಾಲಾಟ ಎಲ್ಲರಿಗೂ ಗೊತ್ತಿರುವುದೇ. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಅರ್ಧ ಸೆಕೆಂಡ್ ಹೋದರೆ ಎಚ್‌ಡಿಎಂಐ ಕಡೆ ನೋಡಿ, ಈ ಬರಹ ಅದಕ್ಕಲ್ಲ. ಒಂದೇ ಚಾನೆಲ್ ಹೋದರೆ ಸ್ಪೀಕರ್ ವೈರ್ ಅದಲುಬದಲು ಮಾಡಿ. ದೋಷ ಟರ್ಮಿನಲ್‌ನಲ್ಲೇ ಉಳಿದರೆ ರಿಸೀವರ್ ಒಳಗಿನದು. ರಿಸೀವರಿನ ಸ್ವಂತ ಟೆಸ್ಟ್ ಟೋನ್ ಕೂಡ ಹೋಗುತ್ತಿದ್ದರೆ ಇನ್‌ಪುಟ್‌ಗಳ ತಂಟೆ ಬಿಟ್ಟುಬಿಡಬಹುದು. ಪ್ರೀಔಟ್ (ಪವರ್ ಆಂಪ್‌ಗೆ ಹೋಗುವ ಮೊದಲೇ ಸಿಗ್ನಲ್ ಹೊರಗೆ ಕೊಡುವ ಸಾಕೆಟ್) ಇದ್ದರೆ ಅದಕ್ಕೆ ಬೇರೆ ಆಂಪ್ ಹಾಕಿ ಕೇಳಿ. ಪ್ರೀಔಟ್ ಗಟ್ಟಿಯಾಗಿದ್ದು ಸ್ಪೀಕರ್ ಮಾತ್ರ ಹೋಗುತ್ತಿದ್ದರೆ ದೋಷ ಪವರ್ ಆಂಪ್‌ನಿಂದ ಈಚೆಗೆ. ಅಷ್ಟರೊಳಗೆ ಮೈಕ್ರೋಪ್ರೊಸೆಸರ್ ರಿಸೆಟ್ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಸ್ಪೀಕರ್ ದೂರ, ಲೆವೆಲ್ ಎಲ್ಲ ಅಳಿಸಿಹೋಗುತ್ತದೆ, ಲಾಭ ಸೊನ್ನೆ.

ಮೀಟರ್ ಯಾಕೆ ಸುಳ್ಳು ಹೇಳಿತು? ಕಡಿಮೆ ವಾಲ್ಯೂಮ್‌ನಲ್ಲಿ ಸ್ಪೀಕರ್‌ಗೆ ಹೋಗುವುದು 0.1 ವೋಲ್ಟ್ ಆಸುಪಾಸು. ಕಾಂಟ್ಯಾಕ್ಟ್‌ನ ಬೆಳ್ಳಿಯ ಮೇಲೆ ಕೂತ ಕಪ್ಪು ಪದರವನ್ನು ಸೀಳಲು ಅಷ್ಟು ಸಾಲದು. ಓಮ್ ರೇಂಜ್‌ನಲ್ಲಿರುವ ಮೀಟರ್ ತೆರೆದ ತುದಿಯಲ್ಲಿ ಎರಡು ಮೂರು ವೋಲ್ಟ್ ಕೊಡಬಹುದು. ಅದು ಪದರವನ್ನು ತೂತು ಮಾಡಿ, ಆ ತೂತಿನ ರೆಸಿಸ್ಟೆನ್ಸ್ ತೋರಿಸುತ್ತದೆ. ವಾಲ್ಯೂಮ್ ಏರಿಸಿದಾಗ ‘ಟಪ್’ ಅನ್ನುವುದೂ ಇದೇ ಕಾರಣಕ್ಕೆ. ಅಂದರೆ ಅಳೆಯಲು ಹೋದ ಕ್ಷಣದಲ್ಲೇ ರಿಲೇ ವಾಸಿಯಾಗಿಬಿಡುತ್ತದೆ. ಬೆಂಚ್ ಮೇಲೆ ಇಟ್ಟರೆ ಸರಿ, ಮತ್ತೆ ಜಾಗಕ್ಕೆ ಕೂರಿಸಿದರೆ ಹಳೇ ಕಥೆ ಅನ್ನುವವರು ಇದನ್ನು ನೆನಪಿಡಬೇಕು.

ಹಾಗಾಗಿ ಓಮ್ ಅಳೆಯುವುದನ್ನು ಬಿಟ್ಟೆ. ಹಾಡುತ್ತಿರುವಾಗಲೇ ಕಾಂಟ್ಯಾಕ್ಟ್‌ನ ಎರಡು ತುದಿಗಳ ನಡುವೆ ಎಸಿ ಮಿಲಿವೋಲ್ಟ್ ಅಳೆದೆ. ಒಂದು ಪ್ರೋಬ್ ಔಟ್‌ಪುಟ್ ಕಾಯಿಲ್‌ನ (ಆಂಪ್ ಮತ್ತು ರಿಲೇ ನಡುವಿನ ತಂತಿಸುರುಳಿ, ರಿಲೇಯದ್ದಲ್ಲ) ರಿಲೇ ಕಡೆಗಿರುವ ಕಾಲಿಗೆ, ಇನ್ನೊಂದು ಅದೇ ಚಾನೆಲ್‌ನ ಪ್ಲಸ್ ಟರ್ಮಿನಲ್‌ಗೆ. ಪ್ರೋಬ್ ಒತ್ತಿ ಹಿಡಿಯುವುದಲ್ಲ: ಪವರ್ ತೆಗೆದಿರುವಾಗಲೇ ಎರಡೂ ಕಡೆ ಸಣ್ಣ ವೈರ್ ಬೆಸುಗೆ ಹಾಕಿ ಕವರ್‌ನಿಂದ ಹೊರಗೆ ತನ್ನಿ. ಒಳಗೆ ಪ್ರೋಬ್ ಜಾರಿ ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಎರಡು ಕಾಲು ಒಂದಾದರೆ ಆ ಚಾನೆಲ್ ನಿಜವಾಗಿಯೂ ಹೋಗುತ್ತದೆ.

200 ಹರ್ಟ್ಸ್ ಸೈನ್ ಟೋನ್ (ಏರಿಳಿತವಿಲ್ಲದ ಒಂದೇ ಸ್ವರ) ಹಾಕಿ, ಟರ್ಮಿನಲ್‌ನಲ್ಲಿ 0.1 ವೋಲ್ಟ್ ಬರುವಷ್ಟು ಮಾತ್ರ ವಾಲ್ಯೂಮ್ ಇಡಿ. ರಿಸೀವರಿನ ಸ್ವಂತ ಟೆಸ್ಟ್ ಟೋನ್‌ನ ಏರಿಳಿಯುವ ‘ಶ್’ ಸದ್ದಿಗೆ ಮೀಟರ್ ಕುಣಿಯುತ್ತದೆ, ಅದು ಬೇಡ. 8 ಓಮ್ ಲೋಡ್‌ನಲ್ಲಿ ಕರೆಂಟ್ ಸುಮಾರು 12 ಮಿಲಿಆಂಪಿಯರ್. ಕಾಂಟ್ಯಾಕ್ಟ್ ಸರಿಯಿದ್ದರೆ 1 ಮಿಲಿವೋಲ್ಟ್‌ಗಿಂತ ಕಡಿಮೆ ಬರಬೇಕು. ನನ್ನದರಲ್ಲಿ ಮೊದಲ ಹತ್ತು ನಿಮಿಷ 0.3, 0.4 ತೋರಿಸಿ ನನ್ನನ್ನೇ ಪೆಚ್ಚು ಮಾಡಿತು. ಅತಿ ಕಡಿಮೆ, ಅತಿ ಹೆಚ್ಚು ಅಳತೆಗಳನ್ನು ನೆನಪಿಡುವ ಮೀಟರಿನ ಮಿನ್-ಮ್ಯಾಕ್ಸ್ ಗುಂಡಿ ಒತ್ತಿಟ್ಟು ಸುಮ್ಮನಾದೆ. ಒಂದು ತಾಸಿನ ನಂತರ ಮ್ಯಾಕ್ಸ್‌ನಲ್ಲಿ 79 ಕೂತಿತ್ತು. ಲೆಕ್ಕ ಹಾಕಿ ನೋಡಿ: ಕಾಂಟ್ಯಾಕ್ಟ್ 30 ಓಮ್ ಆದರೆ 100 ಮಿಲಿವೋಲ್ಟ್‌ನಲ್ಲಿ 79 ಅಲ್ಲೇ ಕರಗುತ್ತದೆ, ಸ್ಪೀಕರ್‌ಗೆ ಉಳಿಯುವುದು 21. ಅಂದರೆ 13 ಡೆಸಿಬಲ್‌ಗೂ ಹೆಚ್ಚು ಇಳಿತ. ಸಣ್ಣ ದನಿಯ ಮಾತು ಅದರಲ್ಲಿ ಪೂರ್ತಿ ಮುಳುಗಿಹೋಗುತ್ತದೆ.

ಇಲ್ಲಿ ಇನ್ನೊಂದು ಮೀಟರ್ ಕಡ್ಡಾಯ ಅನ್ನುತ್ತೇನೆ, ಅಗ್ಗದ್ದಾದರೂ ಸಾಕು. ಅದನ್ನು ರಿಲೇ ಕಾಯಿಲ್ ಮೇಲೆ ಇಡಿ. ಸದ್ದು ಹೋದಾಗ ಕಾಯಿಲ್ ವೋಲ್ಟೇಜ್ ಅಲುಗದಿದ್ದರೆ ದೋಷ ಕಾಂಟ್ಯಾಕ್ಟ್‌ನಲ್ಲಿ ಅಥವಾ ಅದರ ಬೆಸುಗೆಯಲ್ಲಿ. ಕಾಯಿಲ್ ವೋಲ್ಟೇಜೇ ಬಿದ್ದರೆ ಕಾಯಿಲ್ ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್ ಅಥವಾ ಪ್ರೊಟೆಕ್ಷನ್ (ಅಪಾಯ ಕಂಡರೆ ರಿಲೇ ಬಿಡಿಸುವ ಸರ್ಕ್ಯೂಟ್) ಕಡೆ ಹೋಗಿ, ರಿಲೇ ಬದಲಿಸಿ ಪ್ರಯೋಜನವಿಲ್ಲ. ಸದ್ದು ಹೋದರೂ ಮಿಲಿವೋಲ್ಟ್ ಏರದೇ ಇದ್ದರೆ ದೋಷ ರಿಲೇಗಿಂತ ಹಿಂದೆ. ಆಸಿಲೋಸ್ಕೋಪ್ ಇದೆ ಅಂತ ಅದರ ಗ್ರೌಂಡ್ ಕ್ಲಿಪ್ಪನ್ನು ಕಾಂಟ್ಯಾಕ್ಟ್‌ಗೆ ಸಿಕ್ಕಿಸಬೇಡಿ, ಆಂಪ್ ಔಟ್‌ಪುಟ್ ನೇರ ನೆಲಕ್ಕೆ ಶಾರ್ಟ್ ಆಗುತ್ತದೆ. ಬ್ಯಾಟರಿಯ ಕೈಮೀಟರ್ರೇ ಈ ಕೆಲಸಕ್ಕೆ ಸರಿ.

ಇನ್ನು ಸೋಲುಗಳು. ಮೊದಲನೆಯದು ಕಾಂಟ್ಯಾಕ್ಟ್ ಸ್ಪ್ರೇ. ರಿಲೇ ಡಬ್ಬಿಯ ಮೂಲೆಯಲ್ಲಿ ತೂತು ಕೊರೆದು ಹೊಡೆದೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಕೆಟ್ಟಿತು. ಎರಡನೆಯದು ಮುಚ್ಚಳ ತೆಗೆದು 1000 ನಂಬರ್ ಎಮರಿ ಕಾಗದ ಎಳೆದದ್ದು. ಕಪ್ಪು ಹೋಯಿತು, ಜೊತೆಗೆ ಮೇಲಿನ ತೆಳು ಚಿನ್ನದ ಲೇಪವೂ ಹೋಯಿತು. ಗೀರು ಬಿದ್ದ ಬೆಳ್ಳಿ ಇನ್ನೂ ಬೇಗ ಕಪ್ಪಾಯಿತು, ಎರಡೇ ತಿಂಗಳು. ಮುಚ್ಚಳ ತೆಗೆಯಲೇಬೇಕಾದರೆ ಸ್ಪ್ರೇಯಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟ್ ನಡುವೆ ಇಟ್ಟು, ಬೆರಳಲ್ಲಿ ಮೆಲ್ಲಗೆ ಒತ್ತಿ ಎಳೆಯಿರಿ, ಪಟ್ಟಿಯಲ್ಲಿ ಕಪ್ಪು ಗೆರೆ ಬರುವುದು ನಿಲ್ಲುವ ತನಕ. ಅದೂ ತಾತ್ಕಾಲಿಕವೇ.

ಮೂರನೆಯ ಸೋಲಿಗೆ ನಾಚಿಕೆಯಿದೆ. 24 ವೋಲ್ಟ್, ಕಾಲುಗಳ ಜಾಗ ಒಂದೇ, ಇನ್ನೇನು ಬೇಕು ಅಂತ ಸಿಕ್ಕಿದ ರಿಲೇ ಕೂರಿಸಿದೆ. ಹಳೆಯದರ ಕಾಯಿಲ್ ಸುಮಾರು 1100 ಓಮ್, ಹೊಸದು 2880. ಈ ರಿಸೀವರ್ 48 ವೋಲ್ಟ್ ಲೈನಿನಿಂದ 1000 ಓಮ್ ಸೀರೀಸ್ ರೆಸಿಸ್ಟರ್ ಮೂಲಕ ಕಾಯಿಲ್‌ಗೆ ಕೊಡುತ್ತಿತ್ತು. ಹಳೆಯದಕ್ಕೆ 25 ವೋಲ್ಟ್ ಬೀಳುತ್ತಿದ್ದ ಜಾಗದಲ್ಲಿ ಹೊಸದಕ್ಕೆ 35ಕ್ಕೂ ಹೆಚ್ಚು. ಕೈ ಇಡಲಾಗದಷ್ಟು ಬಿಸಿ. ಕಾಯಿಲ್ ವೋಲ್ಟೇಜ್ ಜೊತೆ ಕಾಯಿಲ್ ಓಮ್ ಕೂಡ ಹೊಂದಬೇಕು, ಇಲ್ಲದಿದ್ದರೆ ಸೀರೀಸ್ ರೆಸಿಸ್ಟರ್ ಬದಲಿಸಬೇಕು. ಎರಡು ರಿಲೇ ಕಾಯಿಲ್‌ಗಳು ಸೀರೀಸ್‌ನಲ್ಲಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ.

ರಿಲೇ ಆರಿಸುವಾಗ ಎಲ್ಲರೂ ಆಂಪಿಯರ್ ನೋಡುತ್ತಾರೆ. 8 ಓಮ್‌ಗೆ 100 ವಾಟ್ ಅಂದರೆ 3.5 ಆಂಪಿಯರ್, ಪೀಕ್ 5. ಹಾಗಾಗಿ 5ರಿಂದ 8 ಆಂಪಿಯರ್‌ನದು ಸಾಕು. ದೊಡ್ಡದಿದ್ದರೆ ಒಳ್ಳೆಯದು ಅಂತ 16 ಆಂಪಿಯರ್‌ನ ಸಿಲ್ವರ್ ಟಿನ್ ಆಕ್ಸೈಡ್ ಕಾಂಟ್ಯಾಕ್ಟ್‌ನದು ಹಾಕಿದರೆ ಸಣ್ಣ ಸಿಗ್ನಲ್‌ಗೆ ಅದು ಇನ್ನೂ ಮೊಂಡು. ಡೇಟಾಶೀಟ್‌ನಲ್ಲಿ ಯಾರೂ ಓದದ ಒಂದು ಸಾಲಿದೆ, ಕನಿಷ್ಠ ಲೋಡ್: ಕಾಂಟ್ಯಾಕ್ಟ್ ನಂಬಿಕೆಯಿಂದ ಕೂಡಲು ಬೇಕಾದ ಕನಿಷ್ಠ ವೋಲ್ಟೇಜ್ ಮತ್ತು ಕರೆಂಟ್. ಒಂದರಲ್ಲಿ 5 ವೋಲ್ಟ್ 100 ಮಿಲಿಆಂಪಿಯರ್ ಅಂತ ಇದ್ದರೆ ಇನ್ನೊಂದರಲ್ಲಿ 5 ವೋಲ್ಟ್ 10 ಮಿಲಿಆಂಪಿಯರ್ ಇರುತ್ತದೆ. ಎರಡನೆಯದನ್ನು ಕೊಳ್ಳಿ, ಸೀಲ್ ಮಾಡಿದ್ದೇ ಆಗಿರಲಿ. ಕಾಯಿಲ್‌ಗೆ ಒಳಗೇ ಡಯೋಡ್ ಇದ್ದರೆ ಪ್ಲಸ್ ಮೈನಸ್ ನೋಡಿ ಕೂರಿಸಿ.

ಬಿಚ್ಚುವ ಮುನ್ನ ಪ್ಲಗ್ ಕಿತ್ತು ಫಿಲ್ಟರ್ ಕೆಪಾಸಿಟರ್‌ಗಳನ್ನು ಖಾಲಿ ಮಾಡಿ. 60 ವೋಲ್ಟ್, 12,000 ಮೈಕ್ರೋಫ್ಯಾರಡ್ ಇದ್ದರೆ 220 ಓಮ್ 10 ವಾಟ್ ರೆಸಿಸ್ಟರ್‌ನಲ್ಲಿ 15 ಸೆಕೆಂಡ್, ಪ್ಲಸ್ ಲೈನಿನ ಕೆಪಾಸಿಟರ್‌ಗೊಮ್ಮೆ ಮೈನಸ್ ಲೈನಿನದಕ್ಕೊಮ್ಮೆ, ಆಮೇಲೆ ಮೀಟರ್‌ನಲ್ಲಿ ಖಾತ್ರಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸುವುದು ಶೌರ್ಯವಲ್ಲ. ಸೀಸ ಇಲ್ಲದ ಹಳೇ ಬೆಸುಗೆಗೆ ಮೊದಲು 60/40 (ತವರ-ಸೀಸದ) ಬೆಸುಗೆ ಬೆರೆಸಿ, ಫ್ಲಕ್ಸ್ ಹಚ್ಚಿ, 360 ಡಿಗ್ರಿಯಲ್ಲಿ ಕರಗಿಸಿ ಸಕ್ಕರ್‌ನಿಂದ ಹೀರಿ. ಸ್ಪೀಕರ್ ಲೈನಿನ ತಾಮ್ರ ಅಗಲ, ಅಲ್ಲಿ ಬಿಸಿ ಸೋರಿಹೋಗುತ್ತದೆ, ಆತುರಪಟ್ಟರೆ ಪ್ಯಾಡ್ ಎದ್ದು ಬರುತ್ತದೆ. ಆರು ಕಾಲಿನ ರಿಲೇಯನ್ನು ಒಂದೇ ಬಿಸಿಗೆ ಎತ್ತುವ ನನ್ನದೊಂದು ಉಪಾಯವಿದೆ, ತಾಮ್ರದ ತಂತಿಯ ಸಹಾಯದಿಂದ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಕೈ ಸುಮ್ಮನಿರದೆ ಹೇರ್‌ಡ್ರೈಯರ್ ಮತ್ತು ಫ್ರೀಜ್ ಸ್ಪ್ರೇಯಿಂದ ಪ್ರೀಆಂಪ್ ಬೋರ್ಡನ್ನೂ ಕಾಡಿಸಿದೆ. ಸೆಂಟರ್‌ಗೆ ಸಂಬಂಧವೇ ಇಲ್ಲದ ಸರೌಂಡ್ ಲೆಫ್ಟ್‌ನಲ್ಲಿ ಬಿರುಕು ಬಿಟ್ಟ ಬೆಸುಗೆ ಸಿಕ್ಕಿತು. ಇನ್ನೊಂದು ಸಂಶಯ ಮ್ಯೂಟಿಂಗ್ ಟ್ರಾನ್ಸಿಸ್ಟರ್ (ಬೇಕಾದಾಗ ಸಿಗ್ನಲ್ ಅಡಗಿಸುವುದು) ಮೇಲಿತ್ತು: ಅದು ಸೋರಿದರೆ ಮಟ್ಟ ಇಳಿಯುವುದರ ಜೊತೆ ದನಿಯೂ ಒರಟಾಗುತ್ತದೆ. ಸಿಗ್ನಲ್ ಲೈನಿನಲ್ಲಿರುವ ಅದರ ಕಾಲನ್ನು ಎತ್ತಿ ಒಂದು ದಿನ ಓಡಿಸಿದೆ, ವ್ಯತ್ಯಾಸವಿಲ್ಲ, ಮತ್ತೆ ಕೂರಿಸಿದೆ. ಆ ಉತ್ಸಾಹದಲ್ಲಿ ತರಿಸಿದ ಎರಡು ಆಪ್‌ಆಂಪ್ ಚಿಪ್, ಒಂದು ರಿಬ್ಬನ್ ಕೇಬಲ್ ಇನ್ನೂ ಡಬ್ಬಿಯಲ್ಲಿವೆ. ರಿಲೇಗಿಂತ ಅವಕ್ಕೇ ಹೆಚ್ಚು ಖರ್ಚಾಯಿತು.

ಪರೀಕ್ಷೆಗೆ ರಿಲೇಯನ್ನೇ ಸೇತುವೆ ಹಾಕಿ ನೋಡೋಣ ಅಂತ ಕೆಲವರು ಹೇಳಿದರು. ಸ್ಪೀಕರ್ ಬದಲು 8 ಓಮ್ ರೆಸಿಸ್ಟರ್ ಇದ್ದರೆ ಮಾಡಿ. ಸ್ಪೀಕರ್ ಇಟ್ಟು ಮಾಡಿದರೆ, ಔಟ್‌ಪುಟ್‌ನಲ್ಲಿ ಡಿಸಿ ಬಂದ ದಿನ ವಾಯ್ಸ್ ಕಾಯಿಲ್ ಸುಡದಂತೆ ತಡೆಯಲು ಏನೂ ಉಳಿಯುವುದಿಲ್ಲ.

ಕೊನೆಗೆ ಖಾತ್ರಿ ಮಾಡಿದ್ದು ಹೆಡ್‌ಫೋನ್ ಪ್ಲಗ್‌ನಿಂದ. ನನ್ನದರಲ್ಲಿ ಪ್ಲಗ್ ಹಾಕಿದರೆ ಸ್ಪೀಕರ್ ರಿಲೇ ಬಿಡುತ್ತದೆ, ತೆಗೆದರೆ ಹಿಡಿಯುತ್ತದೆ. 0.1 ವೋಲ್ಟ್ ಟೋನ್ ಇಟ್ಟು 50 ಸಲ ಹಾಕಿ ತೆಗೆದು ಪ್ರತಿ ಸಲದ ಮಿಲಿವೋಲ್ಟ್ ಬರೆದುಕೊಂಡೆ. ಹಳೇ ರಿಲೇಯಲ್ಲಿ ಹನ್ನೊಂದೋ ಹನ್ನೆರಡೋ ಸಲ 20 ದಾಟಿತ್ತು. ಹೊಸದರಲ್ಲಿ ಐವತ್ತಕ್ಕೆ ಐವತ್ತೂ 1ರ ಒಳಗೆ. ಈ ಪರೀಕ್ಷೆಯ ಮೊದಲು ವಾಲ್ಯೂಮ್ ಏರಿಸಬೇಡಿ, ಏರಿಸಿದರೆ ಹಳೇ ರಿಲೇಯೂ ಪಾಸಾಗುತ್ತದೆ. ಬೋರ್ಡ್ ಅಂದವರಿಗೆ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಒಬ್ಬರು ತಮ್ಮ ರಿಸೀವರಿನ ಫ್ರಂಟ್ ರೈಟ್‌ಗೆ ಇದೇ ಪರೀಕ್ಷೆ ಹಚ್ಚಿದ್ದಾರೆ, ಅವರ ಮ್ಯಾಕ್ಸ್ 46ಕ್ಕೆ ಬಂದು ನಿಂತಿದೆ.